ಒಂದು ಕ್ಯಾಸೆಟ್ಟು, ಎರಡು ಕವರು

ನಾಗಪುರದ ನಮ್ಮ ಕನ್ನಡ ಸಂಘದಲ್ಲಿ ಕವರಿಲ್ಲದ ಕ್ಯಾಸೆಟ್ಟಿಗೆ ಸ್ಟೇಜು ಹತ್ತುವ ಹಕ್ಕಿರಲಿಲ್ಲ. ಈ ಕಾನೂನು ಮಾಡಿದವರು ಸಂಘದ ಕಾರ್ಯದರ್ಶಿ. ಗದಗದ ಕಡೆಯವರು, ಬ್ಯಾಂಕಿನಲ್ಲಿ ಅಧಿಕಾರಿ, ನನಗೆ ಕಾಕಾ. ಕಾನೂನಿಗೆ ಕಾರಣವೂ ಇತ್ತು. ಹಿಂದಿನ ವರ್ಷದ ರಾಜ್ಯೋತ್ಸವದಲ್ಲಿ ಎಂಟು ಹುಡುಗಿಯರು ದೀಪ ಹಿಡಿದು ದೇವಿಯ ಸ್ತುತಿಗೆ ಕುಣಿಯಲು ನಿಂತಿದ್ದಾಗ ಮೈಕಿನವನು ಕೈಗೆ ಸಿಕ್ಕ ಬೋಳು ಕ್ಯಾಸೆಟ್ಟೊಂದನ್ನು ಹಾಕಿಬಿಟ್ಟ. ಕ್ಯಾಬರೆ ಹಾಡು ಶುರುವಾಯಿತು. ಹುಡುಗಿಯರು ಪಾಪ, ಕಲಿತದ್ದು ವ್ಯರ್ಥವಾಗಬಾರದೆಂದು ಅದಕ್ಕೇ ದೀಪ ಬೆಳಗಿದರು. ಮುಂದಿನ ಸಾಲಿನಲ್ಲಿದ್ದ ಮುಖ್ಯ ಅತಿಥಿಗಳು ತಲೆದೂಗಿದರು. ಕಾಕಾ ಮಾತ್ರ ಆ ರಾತ್ರಿ ಊಟ ಮಾಡಲಿಲ್ಲವಂತೆ.

ಅಂದಿನಿಂದ ಕಾರ್ಯಕ್ರಮಕ್ಕೆ ಎಂಟು ದಿನ ಮೊದಲೇ ಕ್ಯಾಸೆಟ್ಟನ್ನು ಅವರ ಮನೆಗೆ ಒಯ್ದು ತೋರಿಸಬೇಕು. ಕವರಿನ ಮೇಲೆ ಕಾರ್ಯಕ್ರಮದ ಹೆಸರು ಕನ್ನಡದಲ್ಲಿ ಇರಬೇಕು. ಕಾಕಾ ಪರಿಶೀಲಿಸಿ ಸಹಿ ಹಾಕುತ್ತಾರೆ. ಪರಿಶೀಲಿಸುವುದು ಎಂದರೆ ಕೇಳುವುದಲ್ಲ. ಅವರ ಮನೆಯ ಟೇಪ್ ರೆಕಾರ್ಡರ್ ಕೆಟ್ಟು ಮೂರು ವರ್ಷವಾಗಿತ್ತು. ಕವರನ್ನು ಹತ್ತಿರ ಹಿಡಿದು, ದೂರ ಹಿಡಿದು, ಒಳಗಿನ ಹಾಡು ಎಂಥದ್ದಿರಬಹುದೆಂದು ತೀರ್ಮಾನಿಸುತ್ತಿದ್ದರು. ಕುಂಕುಮ ಇಟ್ಟ ಕವರುಗಳೆಲ್ಲ ಪಾಸಾಗುತ್ತಿದ್ದವು.

ಆಗ ನನಗೆ ಹತ್ತೊಂಬತ್ತು. ಬಿ.ಕಾಂ. ಎರಡನೇ ವರ್ಷ. ಅಪ್ಪ ಸಿವಿಲ್ ಲೈನ್ಸಿನ ಒಂದು ಕೇಂದ್ರ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತರು, ಮನೆ ಸರ್ಕಾರಿ ಕ್ವಾರ್ಟರ್ಸು. ನನಗೆ ಬರುತ್ತಿದ್ದದ್ದು ಎರಡೇ ವಿದ್ಯೆ: ಯಾರನ್ನಾದರೂ ಎರಡು ನಿಮಿಷ ನೋಡಿದರೆ ಅವರ ದನಿ, ನಡಿಗೆ, ಸೀನು ಎಲ್ಲವನ್ನೂ ಎತ್ತಿಕೊಂಡುಬಿಡುವುದು, ಮತ್ತು ಪ್ರೊಫೆಸರರು ಪಾಠ ಮಾಡುವಾಗ ನೋಟ್‌ಬುಕ್ಕಿನಲ್ಲಿ ಅವರ ಚಿತ್ರ ಬರೆಯುವುದು. ಎರಡೂ ಒಂದೇ ವಿದ್ಯೆಯೇ, ಒಂದಕ್ಕೆ ಬಾಯಿ, ಇನ್ನೊಂದಕ್ಕೆ ಪೆನ್ಸಿಲ್ಲು. ಎರಡರಿಂದಲೂ ಬೈಸಿಕೊಂಡಿದ್ದೇನೆ. ಅಪ್ಪನ ಕೆಮ್ಮು ಕೆಮ್ಮಿಕೊಂಡು ನಾನು ಒಳಗೆ ಬಂದರೆ ಅವ್ವ ಅಡುಗೆಮನೆಯಿಂದ ಚಹಾ ತಂದೇ ಬಿಡುತ್ತಿದ್ದಳು. ನನ್ನ ಮುಖ ನೋಡಿ ಕಪ್ಪನ್ನು ವಾಪಸ್ ಒಯ್ಯುತ್ತಾ ಅನ್ನುತ್ತಿದ್ದಳು: “ಒಂದ್ ದಿನಾರ ನಿನ್ನ ಸ್ವಂತ ಬಾಯಿಲೆ ಮಾತಾಡಲೇ. ನಿನ್ನ ದನಿ ಹೆಂಗೈತಿ ಅನ್ನೂದ ಮರತ ಹೋಗೇತಿ ನನಗ.”

ನನ್ನ ಗೆಳೆಯ ಇದಕ್ಕೆ ತೀರ ವಿರುದ್ಧ. ಅವನು ವಾಯುಪಡೆಯ ಕ್ವಾರ್ಟರ್ಸಿನವನು. ತಂದೆ ಸಾರ್ಜೆಂಟ್, ಹಾಸನದ ಕಡೆಯವರು. ಆರು ಊರು ತಿರುಗಿ ನಮ್ಮ ಕಾಲೇಜಿಗೆ ಬಂದಿದ್ದ. ಮಾತಿನ ರೇಶನ್ನು ಪೂರ್ತಿ ನನಗೇ ಬಿಟ್ಟುಕೊಟ್ಟವನಂತೆ ಸುಮ್ಮನಿರುತ್ತಿದ್ದ. ಆದರೆ ಕ್ವಾರ್ಟರ್ಸಿನ ಹಿಂದಿನ ಕಟ್ಟೆಯ ಮೇಲೆ ಹಳೆಯ ಟಿ.ವಿ. ಡಬ್ಬಿಯ ರಟ್ಟನ್ನು ಬಿಚ್ಚಿ ಹಾಸಿದನೆಂದರೆ ಬೇರೆಯೇ ಮನುಷ್ಯ. ಬೆನ್ನ ಮೇಲೆ ಬುಗುರಿಯಂತೆ ತಿರುಗುತ್ತಿದ್ದ. ಒಂದು ಕೈ ಬೆರಳಿನಿಂದ ಹೊರಟ ಅಲೆ ಭುಜ ದಾಟಿ ಇನ್ನೊಂದು ಕೈ ಬೆರಳಿನಲ್ಲಿ ಹೊರಹೋಗುತ್ತಿತ್ತು. ಆ ಎರಡು ಮೂರು ವರ್ಷ ಊರಿನ ಗಲ್ಲಿಗಲ್ಲಿಯಲ್ಲೂ ಬ್ರೇಕ್ ಡಾನ್ಸಿನ ಹುಚ್ಚಿತ್ತು, ಆದರೆ ಉಳಿದವರದ್ದು ಹುಚ್ಚು, ಇವನದ್ದು ಕೆಲಸ. ನಾನೂ ಒಮ್ಮೆ ಆ ರಟ್ಟಿನ ಮೇಲೆ ಮಲಗಿ ತಿರುಗಲು ನೋಡಿದೆ. ಮಗುಚಿಬಿದ್ದ ಜಿರಲೆಯ ಮಿಮಿಕ್ರಿ ಅಂದುಕೊಂಡು ಅವನ ತಂಗಿ ಚಪ್ಪಾಳೆ ತಟ್ಟಿದಳು.

ಅವನು ಕುಣಿಯುತ್ತಿದ್ದ ಕ್ಯಾಸೆಟ್ಟಿನ ಕುಲಗೋತ್ರ ಯಾರಿಗೂ ಗೊತ್ತಿರಲಿಲ್ಲ. ಪಕ್ಕದ ಕ್ವಾರ್ಟರ್ಸಿನ ಕೇರಳದವರ ಸೋದರಮಾವನೋ ಯಾರೋ ಗಲ್ಫಿನಿಂದ ತಂದದ್ದು, ಅದರಿಂದ ಒಬ್ಬರು ತುಂಬಿಸಿಕೊಂಡದ್ದು, ಅವರಿಂದ ಇವನು. ಡ್ರಮ್ಮಿನ ಬಡಿತ, ರೆಕಾರ್ಡಿನ ಮೇಲೆ ಸೂಜಿ ಹಿಂದಕ್ಕೂ ಮುಂದಕ್ಕೂ ಉಜ್ಜಿದಂತೆ ಗರಗರ, ಅದರ ಮೇಲೆ ಒಬ್ಬ ಹಾಡದೆ ಬರೀ ಮಾತಾಡುತ್ತ ಹೋಗುತ್ತಾನೆ. ಟೇಪು ತುಂಬಿಸುವಾಗ ಯಾರೋ ಮೈಕಿನ ಗುಂಡಿ ಒತ್ತಿದ್ದರೆಂದು ಕಾಣುತ್ತದೆ: ನಡುವೆ ಒಬ್ಬ ತಾಯಿ ಮಲಯಾಳಂನಲ್ಲಿ ಮಗನನ್ನು ಕರೆಯುತ್ತಾಳೆ, ಆಮೇಲೆ ಪ್ರೆಶರ್ ಕುಕ್ಕರ್ ಒಂದು ಸೀಟಿ ಹೊಡೆಯುತ್ತದೆ. ನನ್ನ ಗೆಳೆಯ ಅದನ್ನೂ ಬಿಡಲಿಲ್ಲ. ತಾಯಿ ಕರೆದಾಗ ಕತ್ತು ಹೊರಳಿಸುತ್ತಿದ್ದ. ಸೀಟಿ ಬಿದ್ದೊಡನೆ ಒಂದೇ ಕೈ ಮೇಲೆ ದೇಹ ಎತ್ತಿ ಕಲ್ಲಾಗಿ ನಿಲ್ಲುತ್ತಿದ್ದ.

ಅಕ್ಟೋಬರಿನಲ್ಲಿ ಅವನ ತಂದೆಗೆ ವರ್ಗದ ಆರ್ಡರ್ ಬಂತು. ಡಿಸೆಂಬರಿನಲ್ಲಿ ಅಸ್ಸಾಮಿನ ಕಡೆಗೆ. ಕಟ್ಟೆಯ ಮೇಲೆ ಕೂತು ನನ್ನ ಗೆಳೆಯ ತನ್ನ ಮಟ್ಟಿಗೆ ದೊಡ್ಡ ಭಾಷಣವನ್ನೇ ಮಾಡಿದ.

“ಲೋ, ಸಂಘದ ಫಂಕ್ಷನ್ನಲ್ಲಿ ನಾನೊಂದು ಸಲ ಕುಣೀಬೇಕು ಕಣೋ.”

“ಕುಣಿ. ಯಾರ ಬ್ಯಾಡ ಅಂದ್ರು?”

“ಅಪ್ಪ ಇದುವರ್ಗೂ ಸರಿಯಾಗಿ ನೋಡೇ ಇಲ್ಲ. ಹಿತ್ಲಲ್ಲಿ ಕೈಕಾಲು ಸೆಳ್ಕೊಂಡವನ ತರ ಆಡ್ತಾನೆ ಅಂತಾರೆ. ಸ್ಟೇಜ್ ಮೇಲೆ, ಲೈಟ್ ಹಾಕಿ, ಜನದ ಮಧ್ಯೆ ಒಂದ್ಸಲ ನೋಡ್ಲಿ. ಆಮೇಲೆ ಬಯ್ಯಲಿ ಬೇಕಾದ್ರೆ.”

ಇಷ್ಟು ಹೇಳಿ ಮತ್ತೆ ಎರಡು ದಿನಕ್ಕಾಗುವಷ್ಟು ಸುಮ್ಮನಾದ. ಹೀಗಾಗಿ ಕವರ್ ಮಾಡುವ ಕೆಲಸ ನನ್ನ ಕೊರಳಿಗೆ ಬಿತ್ತು. ತಂಡಕ್ಕೆ ಹೆಸರಿಟ್ಟವನೂ ನಾನೇ: ‘ಸಂತ್ರಾ ಬ್ರೇಕರ್ಸ್’. ನಮ್ಮೂರಿನ ಕಿತ್ತಳೆಯ ಹೆಸರು ಅದು, ಊರಿಗೂ ಒಂದು ಗೌರವ. ಕುಣಿಯುವವನು ಒಬ್ಬನೇ ಇದ್ದಾಗ ಬ್ರೇಕರ್ಸ್ ಯಾಕೆ ಎಂದು ಅವನು ಕೇಳಿದ. ಹಿರಿಯರಿಗೆ ಬಹುವಚನ ಹಚ್ಚುವುದಿಲ್ಲವೇ, ಹಾಗೆ, ಎಂದೆ.

ತೊಡಕಿದ್ದದ್ದು ಬೇರೆ ಕಡೆ. ಇಂಥ ಸಂಗೀತದ ಅಸಲಿ ಕವರನ್ನು ನಾವಿಬ್ಬರೂ ಕಣ್ಣಿಂದ ಕಂಡಿರಲಿಲ್ಲ. ಮಿಮಿಕ್ರಿಯವನಿಗೆ ಎದುರಿಗೊಂದು ಅಸಲು ಇರದಿದ್ದರೆ ಕೈಕಾಲು ಆಡುವುದಿಲ್ಲ. ಕ್ಯಾಸೆಟ್ಟನ್ನು ಹತ್ತು ಸಲ ಹಾಕಿ, ಕಣ್ಣು ಮುಚ್ಚಿ, ಆ ದನಿಗಳಿಗೆ ಮುಖ ಬರೆಯಲು ಕೂತೆ. ಒಬ್ಬ ನಮ್ಮ ಅಕೌಂಟೆನ್ಸಿ ಮೇಷ್ಟರಂತೆ ಬಂದ. ಇನ್ನೊಬ್ಬ ಹಾಲಿನವನಂತೆ ಬಂದ. ಕಡೆಗೆ ಸೀತಾಬರ್ಡಿಯ ಫುಟ್‌ಪಾತಿನ ರದ್ದಿ ಅಂಗಡಿಯಲ್ಲಿ ಒಂದು ಫಾರಿನ್ ಪತ್ರಿಕೆ ಸಿಕ್ಕಿತು. ರಕ್ಷಾಪುಟವಿಲ್ಲ, ಅರ್ಧ ಹಾಳೆಗಳಿಲ್ಲ. ಆದರೆ ಉಳಿದ ಒಂದು ಹಾಳೆಯಲ್ಲಿ ನ್ಯೂಯಾರ್ಕಿನ ರೈಲು ಡಬ್ಬಿಯೊಂದರ ಫೋಟೋ ಇತ್ತು. ಕಿಟಕಿಯನ್ನೂ ಬಿಡದೆ ಬಣ್ಣ ಬಳಿದಿದ್ದರು. ಊದಿಕೊಂಡ ಅಕ್ಷರಗಳು ಒಂದರ ತೊಡೆಯ ಮೇಲೊಂದು ಕೂತಿದ್ದವು. ರೈಲಿನ ಮುಂದೆ ನಾಲ್ಕು ಹುಡುಗರು ಕೈಕಟ್ಟಿಕೊಂಡು, ಕೊರಳಲ್ಲಿ ಹಗ್ಗದಂಥ ಸರಕ್ಕೆ ತಟ್ಟೆಯಂಥ ಬಿಲ್ಲೆ ತೂಗಿಹಾಕಿಕೊಂಡು ನಿಂತಿದ್ದರು. ಕೆಳಗೆ ಹಿಪ್ ಹಾಪ್ ಎಂದು ಬರೆದಿತ್ತು. ನಾವು ಇಷ್ಟು ದಿನ ಕೇಳುತ್ತಿದ್ದ ಗರಗರಕ್ಕೆ ಒಂದು ಹೆಸರಿದೆ ಎಂದು ಗೊತ್ತಾದದ್ದು ಆಗಲೇ.

ಆ ಅಕ್ಷರಗಳನ್ನು ನೋಡಿ ನನಗೆ ಖುಷಿಯಾದದ್ದು ಇನ್ನೊಂದು ಕಾರಣಕ್ಕೆ. ನಾನು ಓದಿದ್ದು ಮರಾಠಿ, ಹಿಂದಿ, ಇಂಗ್ಲಿಷು. ಕನ್ನಡ ಕಲಿತದ್ದು ಅವ್ವ ಅಕ್ಕಿ ಹರವಿದ ಮೊರದ ಮೇಲೆ. ಬರೆಯುವುದು ನಿಧಾನ, ಓದುವುದು ಅದಕ್ಕಿಂತ ನಿಧಾನ. ಆದರೆ ಆ ಅಮೆರಿಕದವರು ಏಣಿ ಹಾಕಿಕೊಂಡು, ಪೊಲೀಸರ ಕಣ್ಣು ತಪ್ಪಿಸಿ ತಮ್ಮ ಅಕ್ಷರಗಳನ್ನು ಎಷ್ಟು ದಪ್ಪ ಮಾಡಲು ಒದ್ದಾಡುತ್ತಿದ್ದರೋ, ನಮ್ಮವು ಹುಟ್ಟಾ ಅಷ್ಟು ದುಂಡಗಿವೆ. ಸ್ವಲ್ಪ ಗಾಳಿ ಊದಿದರೆ ಸಾಕು.

ಚಿತ್ರಕ್ಕೆ ಯಾರ ಮುಖ? ಇಲ್ಲಿ ನನ್ನ ಬುದ್ಧಿ ಓಡಿತು. ಯಾರ ಸಹಿ ಬೇಕೋ ಅವರ ಮುಖವೇ ಕವರಿನ ಮೇಲಿದ್ದರೆ? ಆ ನಾಲ್ಕು ಹುಡುಗರ ಹಾಗೆ ಕಾಕಾನನ್ನೇ ಧಿಮಾಕಿನಿಂದ ನಿಲ್ಲಿಸುವುದು. ಖುಷಿಪಟ್ಟು ಎರಡು ಸಹಿ ಹಾಕುತ್ತಾರೆ.

ಸಣ್ಣ ಜಾಗದಲ್ಲಿ ಬಣ್ಣ ಹಚ್ಚುವುದು ನನ್ನ ಕೈಯಲ್ಲಾಗದ ಮಾತು. ಇತವಾರಿಯಲ್ಲಿ ಒಬ್ಬ ಪೇಂಟರ್ ಇದ್ದ, ಎಲ್ಲರೂ ಭಾವೂ ಎನ್ನುತ್ತಿದ್ದರು. ವರ್ಷಪೂರ್ತಿ ಅಂಗಡಿ ಬೋರ್ಡು, ಲೂನಾ ಮೊಪೆಡ್ಡಿನ ನಂಬರ್ ಪ್ಲೇಟು ಬರೆಯುತ್ತಿದ್ದ. ಆದರೆ ಅವನ ಹೆಸರು ಓಡುತ್ತಿದ್ದದ್ದು ಬಡಗ್ಯಾ ಮುಖಗಳಿಗೆ. ನಮ್ಮೂರಲ್ಲಿ ಎತ್ತುಗಳ ಹಬ್ಬ ಪೋಳಾದ ಮರುದಿನ ಇತವಾರಿಯ ಕಡೆಯಿಂದ ಮಾರಬತ್ ಮೆರವಣಿಗೆ ಹೊರಡುತ್ತದೆ. ಊರಿನ ರೋಗ ರುಜಿನ, ಪೀಡೆ ಪಿಶಾಚಿಗಳನ್ನೆಲ್ಲ ಹೊತ್ತುಕೊಂಡು ಹೋಗಲೆಂದು ಮಾಡಿದ ಆಳೆತ್ತರದ ಬೊಂಬೆಗಳು. ಅವುಗಳ ಜೊತೆಗೆ ಹೋಗುವ ಗಂಡು ಬೊಂಬೆಯೇ ಬಡಗ್ಯಾ. ಆ ವರ್ಷ ಜನಕ್ಕೆ ಯಾವುದರ ಮೇಲೆ ಸಿಟ್ಟಿದೆಯೋ ಅದಕ್ಕೆ ತಕ್ಕ ಮುಖ, ಕೊರಳಿಗೆ ಅವನು ಮಾಡಿದ ತಪ್ಪಿನ ಬೋರ್ಡು. ಊರೆಲ್ಲ ಮೆರೆಸಿ, ಬೈದು, ಕೊನೆಗೆ ಸುಟ್ಟುಬಿಡುತ್ತಾರೆ. ಹುಟ್ಟಿದಾಗಿನಿಂದ ನಾನು ಅಪ್ಪನ ಹೆಗಲ ಮೇಲೆ ಕೂತು ಅದನ್ನು ನೋಡಿದವನು. ಇದನ್ನು ನೆನಪಿನಲ್ಲಿಡಿ, ಯಾಕೆಂದರೆ ಆ ದಿನ ನಾನು ಇಡಲಿಲ್ಲ.

“ಕಾಯ್ ಬೇ,” ಎಂದ ಭಾವೂ, ಬೀಡಿ ತೆಗೆಯದೆಯೇ. ಏನಲೇ ಎಂದರ್ಥ, ನಮ್ಮೂರಿನಲ್ಲಿ ಅದೇ ನಮಸ್ಕಾರ.

ನಾನು ವಿಷಯ ಹೇಳಿದೆ. ಒಬ್ಬರ ಚಿತ್ರ ಬೇಕು. ಫೋಟೋ ಇಲ್ಲ, ಆದರೆ ಮಾಡಿ ತೋರಿಸುತ್ತೇನೆ. ಅವನು ಸ್ಟೂಲು ಎಳೆದುಕೊಂಡು ಕೂತ. ನಾನು ಪ್ಯಾಂಟನ್ನು ಎದೆಯ ತನಕ ಏರಿಸಿದೆ. ಕನ್ನಡಕವನ್ನು ಮೂಗಿನ ತುದಿಗಿಳಿಸಿದೆ. ಬಗಲಲ್ಲಿ ಕೊಡೆಯ ಬದಲು ಅವನ ಅಳತೆಕೋಲು. ಒಂದು ಬೆರಳು ಮೇಲಕ್ಕೆತ್ತಿ, “ಶಿಸ್ತು ಬೇಕ್ರಿ, ಶಿಸ್ತು” ಎಂದೆ. ಪಕ್ಕದ ಸೈಕಲ್ ಅಂಗಡಿಯವನಿಗೆ ಕನ್ನಡ ಬರುತ್ತಿರಲಿಲ್ಲ, ಆದರೂ ನಕ್ಕ. ಭಾವೂ ನಗಲಿಲ್ಲ, ಕಣ್ಣು ಕಿರಿದು ಮಾಡಿ ಅಳೆಯುತ್ತಿದ್ದ.

“ಯಾರಿವನು? ಯಾವ ವಾರ್ಡು?” ಮರಾಠಿಯಲ್ಲಿ ಕೇಳಿದ.

“ನಮ್ಮ ಕನ್ನಡ ಸಂಘದ ಕಾರ್ಯದರ್ಶಿ.”

“ಏನು ಮಾಡಿದ್ದಾನೆ?”

ತಮಾಷೆಗೆ ಕೇಳುತ್ತಿದ್ದಾನೆ ಅಂದುಕೊಂಡು ನಾನೂ ತಮಾಷೆಗೆ ಹೇಳಿದೆ: “ಕವರ್ ಇಲ್ಲದೆ ಹಾಡು ಹಾಕಲು ಬಿಡುವುದಿಲ್ಲ.”

“ಬರೋಬರ್,” ಎಂದು ಭಾವೂ ತಲೆಯಾಡಿಸಿದ. ಕೇಸು ದಾಖಲಾದಂತೆ.

ಮೂರು ದಿನಕ್ಕೆ ಕವರ್ ಬಂತು. ಅಷ್ಟು ಸಣ್ಣ ಕಾಗದದಲ್ಲಿ ಅಷ್ಟು ಬಣ್ಣ ನಾನು ಕಂಡಿರಲಿಲ್ಲ. ಮೇಲೆ ಕಿತ್ತಳೆ ಬಣ್ಣದ ಊದಿದ ಕನ್ನಡ ಅಕ್ಷರಗಳು. ನಾನು ಬರೆದುಕೊಟ್ಟದ್ದನ್ನು ಅವನು ರೇಖೆ ತಪ್ಪದೆ ಎತ್ತಿದ್ದ, ನೆರಳನ್ನೂ ಕೊಟ್ಟಿದ್ದ. ಕೆಳಗೆ ಕಾಕಾ. ಎದೆಮಟ್ಟದ ಪ್ಯಾಂಟು, ಎರಡೂ ಕಡೆ ಚಾಚಿದ ತೋಳು, ಗುಡ್ಡೆಯಂಥ ಕಣ್ಣು, ಸ್ವಲ್ಪ ಹೊರಗೆ ಬಂದ ನಾಲಿಗೆ. ಕೊರಳಲ್ಲಿ ಹಗ್ಗ, ಹಗ್ಗಕ್ಕೆ ಚೌಕಾಕಾರದ ಬೋರ್ಡು. ಬೋರ್ಡಿನಲ್ಲಿ ಮರಾಠಿಯಲ್ಲಿ, ಲೇಬಲ್ ಇಲ್ಲ ಅಂದರೆ ಹಾಡಿಲ್ಲ ಎಂಬರ್ಥದ ಸಾಲು.

ನನ್ನ ಗೆಳೆಯ ರದ್ದಿ ಪತ್ರಿಕೆಯ ಹಾಳೆಯನ್ನು ಪಕ್ಕದಲ್ಲಿಟ್ಟು ನೋಡಿದ. “ಬಿಲ್ಲೆ ಸೇಮ್ ಅಲ್ವೇನೋ. ಆ ಸರ, ಆ ಬಿಲ್ಲೆ. ನಿಂತಿರೋ ಸ್ಟೈಲೂ.”

ಸೇಮ್ ಎಂದೆ ನಾನೂ. ಅಮೆರಿಕ ಕಾಣುವ ಆತುರದಲ್ಲಿ ಇಬ್ಬರಿಗೂ ಇತವಾರಿ ಕಾಣಲಿಲ್ಲ. ಅವನಿಗಾದರೋ ಕ್ಷಮೆ ಉಂಟು, ಊರಿಗೆ ಬಂದು ವರ್ಷವೂ ಆಗಿರಲಿಲ್ಲ, ಮಾರಬತ್ ಕಂಡವನಲ್ಲ.

ಕಾಕಾನ ಮನೆಯಲ್ಲಿ ಅವರ ಹೆಂಡತಿ ಕಾಕು ನಮ್ಮಿಬ್ಬರಿಗೂ ಅವಲಕ್ಕಿ ಕೊಟ್ಟರು. ಕಾಕಾ ಕವರನ್ನು ಹತ್ತಿರ ಹಿಡಿದರು, ದೂರ ಹಿಡಿದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಹತ್ತಿರ ಹಿಡಿದರು. ನಾನು ಎರಡನೆಯ ತುತ್ತು ಬಾಯಿಗಿಟ್ಟಿದ್ದೆ.

“ಇದು ಬಡಗ್ಯಾ ಅಲ್ಲೇನಲೇ?”

ಅವಲಕ್ಕಿ ಅಲ್ಲೇ ನಿಂತಿತು. ಅವರು ಆ ಮಾತು ಆಡಿದ ಮೇಲೆ ಕವರಿನಲ್ಲಿ ಬೇರೇನೂ ಕಾಣಲಿಲ್ಲ. ತೋಳು, ಕಣ್ಣು, ನಾಲಿಗೆ, ಬೋರ್ಡು, ಎಲ್ಲ ಬಡಗ್ಯಾ. ಬೆಂಕಿ ಹಚ್ಚುವುದೊಂದು ಬಾಕಿ.

“ಅಲ್ಲ ಕಾಕಾ, ಇದು ಅಮೇರಿಕಾದಾಗ...”

“ಅಮೇರಿಕಾದಾಗ ನಾ ಯಾರಿಗೆ ಏನ್ ಮಾಡೇನಿ?” ಅವರ ದನಿ ಏರಲಿಲ್ಲ, ಅದೇ ಹೆದರಿಕೆ ಹುಟ್ಟಿಸಿತು. “ಇಪ್ಪತ್ತೆರಡ ವರ್ಷ ಆತು ಈ ಊರಿಗೆ ಬಂದು. ಹೆಂಚಿನ ಶೆಡ್ಡಿನಾಗ ಹನ್ನೊಂದ ಮಂದಿ ಕೂಡಿ ಈ ಸಂಘ ಸುರು ಮಾಡೇವಿ. ಜಮಖಾನ ಹಾಸಾಂವ ನಾನs, ಸುತ್ತಾಂವ ನಾನs. ಪೀಡಾ ಅಂತ ಸುಡಾಕ ನಾನs ಸಿಕ್ಕೆ ಹೌದಿಲ್ಲೋ?”

ಅಡುಗೆಮನೆಯ ಬಾಗಿಲಲ್ಲಿ ಕಾಕು ಇಣುಕಿ ಕವರ್ ನೋಡಿದರು. ಸೆರಗಿನಿಂದ ಬಾಯಿ ಮುಚ್ಚಿಕೊಂಡರು. “ಏನs ಅನ್ರಿ, ಪ್ಯಾಂಟ ಮಾತ್ರ ಬರೋಬರ್ ಬಂದೇತಿ.”

ಅದು ಸಹಾಯವಾಗಲಿಲ್ಲ. ಕಾಕಾ ಕ್ಯಾಸೆಟ್ಟನ್ನು ಮೇಜಿನ ಮೇಲೆ ನನ್ನ ಕಡೆಗೆ ಸರಿಸಿದರು. “ನಿಮ್ಮ ಐಟಮ್ ಇಲ್ಲ. ಅವಲಕ್ಕಿ ಮುಗಿಸಿ ಹೋಗ್ರಿ.”

ನನ್ನ ಗೆಳೆಯನನ್ನು ಲೂನಾದ ಹಿಂದೆ ಕೂರಿಸಿಕೊಂಡು ವರ್ಧಾ ರೋಡಿನವರೆಗೆ ಬಂದೆ. ಇಳಿಯುವಾಗ ಅವನು ಹೇಳಿದ: “ಅಪ್ಪ ಅವತ್ತು ಸಂಜೆ ಡ್ಯೂಟಿ ಬದಲಾಯಿಸ್ಕೊಂಡಿದಾರೆ ಕಣೋ. ಕೇಳಿದ್ದೇ ಒಂದ್ಸಲ ನಾನು. ಹೂಂ ಅಂದ್ಬಿಟ್ರು. ಈಗ ಏನಂತ ಹೇಳ್ಲಿ?” ಬಯ್ದಿದ್ದರೆ ಅವನ ಬೈಗುಳವನ್ನೇ ಅವನಿಗೆ ಮಾಡಿ ತೋರಿಸಿ ನಗಿಸುತ್ತಿದ್ದೆ. ಅವನು ಬಯ್ಯಲಿಲ್ಲ.

ಮರುದಿನ ಬೆಳಿಗ್ಗೆ ನಾನೊಬ್ಬನೇ ಕಾಕಾನ ಮನೆಗೆ ಹೋದೆ. ದಾರಿಯುದ್ದಕ್ಕೂ ಮಾತು ಸಿದ್ಧ ಮಾಡಿಕೊಂಡಿದ್ದೆ. ಎದುರು ನಿಂತಾಗ ಬಾಯಿಂದ ಹೊರಬಿದ್ದದ್ದು, “ತಾವು ದೊಡ್ಡವರು, ಸಣ್ಣವರ ತಪ್ಪನ್ನು ಮನ್ನಿಸಬೇಕು.”

“ಇದು ನಿಮ್ಮಪ್ಪನ ದನಿ,” ಎಂದರು ಕಾಕಾ, ಪೇಪರಿನಿಂದ ತಲೆ ಎತ್ತದೆ.

ಗಂಟಲು ಸರಿಮಾಡಿಕೊಂಡು ಇನ್ನೊಮ್ಮೆ ಶುರು ಮಾಡಿದೆ.

“ಇದು ನಿಮ್ಮ ಕಾಲೇಜಿನ ಪ್ರಿನ್ಸಿಪಾಲರದು. ಗ್ಯಾದರಿಂಗ್‌ನಾಗ ಕೇಳೇನಿ. ನಿಂದು ಯಾವುದಲೇ?”

ನನಗೂ ಗೊತ್ತಿರಲಿಲ್ಲ. ಕಡೆಗೆ ಹೇಗೆ ಬಂತೋ ಹಾಗೆ ಹೇಳಿದೆ. ಚಿತ್ರಕ್ಕೆ ಪೋಜು ಕೊಟ್ಟವನು ನಾನು, ಭಾವೂನದು ತಪ್ಪಿಲ್ಲ, ಗೆಳೆಯನದಂತೂ ಅಲ್ಲವೇ ಅಲ್ಲ. ಅವನು ಡಿಸೆಂಬರಿನಲ್ಲಿ ಹೋಗಿಬಿಡುತ್ತಾನೆ. ಅವನಪ್ಪ ಒಮ್ಮೆಯೂ ಸರಿಯಾಗಿ ನೋಡಿಲ್ಲ. ಡ್ಯೂಟಿ ಬದಲಿಸಿಕೊಂಡಿದ್ದಾರೆ.

ಕಾಕಾ ಪೇಪರ್ ಮಡಿಸಿದರು. “ಸಾರ್ಜೆಂಟ್ ಸಾಹೇಬ್ರು ಡ್ಯೂಟಿ ಬದಲಿ ಮಾಡ್ಕೊಂಡಾರಂತ ಮೊದಲs ಹೇಳಾಕ ಏನಾಗಿತ್ತು?” ಪೇಪರನ್ನು ಬದಿಗಿಟ್ಟು ಅಂದರು: “ಬುಧವಾರದೊಳಗ ಇನ್ನೊಂದ ಕವರ್ ತಾ. ಯಾರ ಮಾರಿ ಬರೀತಿ ಅನ್ನೂದು ನಿನಗ ಬಿಟ್ಟದ್ದು. ನಂದೊಂದು ಬಿಟ್ಟು.”

ಭಾನುವಾರ ಮಧ್ಯಾಹ್ನ ಅಡುಗೆಮನೆಯ ನೆಲದ ಮೇಲೆ ಕೂತೆ. ಈ ಸಲ ಭಾವೂ ಬೇಡ, ನನ್ನ ಕೈಯೇ ಎಂದು ಹಟ. ಎದುರಿಗೆ ಅಪ್ಪ ಗಡ್ಡ ಹೆರೆದುಕೊಳ್ಳುವ ಕನ್ನಡಿ. ನನ್ನನ್ನೇ ಬಡಗ್ಯಾ ಮಾಡಿದೆ. ಕೊಡದ ಹಿಡಿಯಂಥ ಕಿವಿ, ಕೊಕ್ಕರೆ ಕತ್ತು, ಮುಖಕ್ಕಿಂತ ದೊಡ್ಡ ಬಾಯಿ. ಬಾಯೊಳಗಿನಿಂದ ನಾಲ್ಕೈದು ನಾಲಿಗೆ, ಒಂದೊಂದು ಒಬ್ಬೊಬ್ಬರದ್ದು. ಕೊರಳಿನ ಬೋರ್ಡಿನಲ್ಲಿ ಕನ್ನಡದಲ್ಲಿ, ‘ಇದು ಇವನ ದನಿಯಲ್ಲ’. ಅವ್ವ ಮೆಂತ್ಯದ ಸೊಪ್ಪು ಬಿಡಿಸುತ್ತ ನೋಡುತ್ತಿದ್ದಳು.

“ಮೂಗ ಇನ್ನಷ್ಟ ದಪ್ಪ ಮಾಡು. ಅದು ನಿಮ್ಮಪ್ಪನ ಮನಿಂದ ಬಂದದ್ದು, ಇಷ್ಟರಾಗ ಮುಗಿಯಂಗಿಲ್ಲ.”

ಅಪ್ಪ ಹಜಾರದಿಂದ ಕೆಮ್ಮಿದರು. ಅಸಲಿ ಕೆಮ್ಮು.

ಮೇಲಿನ ಅಕ್ಷರಗಳಿಗೆ ನಾಲ್ಕು ತಾಸು ಹಿಡಿಯಿತು. ಭಾವೂನಷ್ಟು ನಯವಾಗಲಿಲ್ಲ, ಒಂದು ಅಕ್ಷರ ಪಕ್ಕದ್ದನ್ನು ನೂಕಿಕೊಂಡು ಬಸ್ಸು ಹತ್ತುವ ಹಾಗಿತ್ತು. ಆದರೆ ಅದೇ ಸರಿ ಎನ್ನಿಸಿತು. ಆ ರೈಲಿನ ಮೇಲಿನವೂ ಹಾಗೇ ಇದ್ದವು.

ಬುಧವಾರ ಕಾಕಾ ಕವರನ್ನು ಹತ್ತಿರ ಹಿಡಿದರು, ದೂರ ಹಿಡಿದರು. ತುಟಿ ಬಿಗಿಹಿಡಿದಿದ್ದರು, ಹೊಟ್ಟೆ ಮಾತ್ರ ಅಲುಗುತ್ತಿತ್ತು. ಜೇಬಿನಿಂದ ಪೆನ್ನು ತೆಗೆದು, ನನ್ನ ದೊಡ್ಡ ಬಾಯಿಯ ಪಕ್ಕದಲ್ಲಿ ಉಳಿದಿದ್ದ ಖಾಲಿ ಜಾಗದಲ್ಲಿ ‘ಪರಿಶೀಲಿಸಲಾಗಿದೆ’ ಎಂದು ಬರೆದು ಸಹಿ ಮಾಡಿದರು. ಆ ಪತ್ರಿಕೆಯ ಹುಡುಗರ ಕವರುಗಳ ಮೇಲೆ ಏನೇನಿದ್ದವೋ ನನಗೆ ಗೊತ್ತಿಲ್ಲ. ಕಾರ್ಯದರ್ಶಿಯ ಸಹಿ ಇರಲಿಕ್ಕಿಲ್ಲ.

ರಾಜ್ಯೋತ್ಸವದ ಸಂಜೆ, ಬಾಡಿಗೆಗೆ ಹಿಡಿದ ಶಾಲೆಯ ಹಾಲು. ನನ್ನ ಗೆಳೆಯ ಟಿ.ವಿ. ಡಬ್ಬಿಯ ರಟ್ಟನ್ನು ಮಡಿಸಿ ಬಗಲಲ್ಲಿಟ್ಟುಕೊಂಡು ಪರದೆಯ ಹಿಂದೆ ನಿಂತಿದ್ದ. ಸಾರ್ಜೆಂಟ್ ಸಾಹೇಬರು ಕೊನೆಯ ಸಾಲಿನ ಹಿಂದೆ, ಬಾಗಿಲ ಪಕ್ಕ, ಕೈ ಬೆನ್ನ ಹಿಂದೆ ಕಟ್ಟಿ ನಿಂತಿದ್ದರು. ಕುರ್ಚಿ ಖಾಲಿಯಿತ್ತು, ಕೂರಲಿಲ್ಲ.

ಘೋಷಣೆ ಮಾಡಲು ಕಾಕಾ ಸ್ವತಃ ಮೈಕಿನ ಮುಂದೆ ಬಂದರು. ಬಂದವರು ಒಂದು ಭುಜ ಮೇಲೆತ್ತಿದರು, ಕಾಲರ್ ಎಳೆದುಕೊಂಡರು, ಕತ್ತು ಮುಂದೆ ಚಾಚಿ, ಮೂಗಿನಿಂದ ಸುರುಮಾಡಿ ಗಂಟಲಿಗೆ ಇಳಿಸುತ್ತ, ಎಲ್ಲ ಮಾತನ್ನೂ ಒಂದರ ಮೇಲೊಂದು ಹೇರಿ ಓಡಿಸಿದರು: “ನೋಡ್ರಿ ಏನಂದ್ರ ಅಂದ್ರ ಈಗ ಬರಾಕತ್ತಾರ ಸಂತ್ರಾ ಬ್ರೇಕರ್ಸ್, ಅಂದ್ರ ಒಬ್ಬಾಂವs ಅದಾನ್ರಿ, ಆದ್ರ ಹತ್ತ ಮಂದಿಗೆ ಭಾರ ಅದಾನ.”

ಹಾಲಿನಲ್ಲಿ ನಗೆ ಎದ್ದಿತು. ಅವ್ವ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದಳು. ಇದು ಯಾರ ಮಿಮಿಕ್ರಿ ಎಂದು ತಿಳಿಯಲು ನನಗೆ ಎಲ್ಲರಿಗಿಂತ ಹೆಚ್ಚು ಹೊತ್ತು ಹಿಡಿಯಿತು. ಹೀಗಿದೆಯಾ ನನ್ನ ದನಿ ಅಂತ ಪರದೆಯ ಪಕ್ಕ ನಿಂತು ಕೇಳಿದೆ. ಅಷ್ಟೇನೂ ಕೆಟ್ಟದಾಗಿರಲಿಲ್ಲ.

ಆಮೇಲೆ ಕ್ಯಾಸೆಟ್ಟು ಓಡಿತು. ಮೊದಲ ಒಂದು ನಿಮಿಷ ಹಾಲು ಏನು ಮಾಡಬೇಕೆಂದು ತಿಳಿಯದೆ ಕೂತಿತ್ತು. ನನ್ನ ಗೆಳೆಯ ಬೆನ್ನ ಮೇಲೆ ತಿರುಗತೊಡಗಿದಾಗ ಹಿಂದಿನ ಸಾಲಿನ ಹುಡುಗರು ಸೀಟಿ ಹೊಡೆದರು. ಮಲಯಾಳಿ ತಾಯಿ ಕರೆದಳು, ಅವನು ಕತ್ತು ಹೊರಳಿಸಿದ. ಕುಕ್ಕರ್ ಕೂಗಿತು, ಅವನು ಒಂದು ಕೈ ಮೇಲೆ ಕಲ್ಲಾದ. ಆ ನಿಶ್ಶಬ್ದದಲ್ಲಿ ಮುಂದಿನ ಸಾಲಿನಿಂದ ಯಾರೋ ಅಜ್ಜಿ, “ಎಷ್ಟನೇ ಸೀಟಿ ಅದು?” ಎಂದು ಕೇಳಿದ್ದು ಇಡೀ ಹಾಲಿಗೆ ಕೇಳಿಸಿತು. ಅವನು ಅಲುಗಲಿಲ್ಲ. ಚಪ್ಪಾಳೆ ಬಿದ್ದದ್ದು ಆಗ. ಕಾಕಾ ನಿಂತು ತಟ್ಟಿದರು.

ನಾನು ನೋಡುತ್ತಿದ್ದದ್ದು ಬಾಗಿಲ ಪಕ್ಕಕ್ಕೆ. ಸಾರ್ಜೆಂಟ್ ಸಾಹೇಬರು ಚಪ್ಪಾಳೆ ತಟ್ಟಲಿಲ್ಲ. ಬೆನ್ನ ಹಿಂದಿನ ಕೈಗಳು ಬಿಚ್ಚಿಕೊಂಡು ಪಕ್ಕಕ್ಕೆ ಬಂದಿದ್ದವು, ಅಷ್ಟೆ. ಮುಗಿದ ಮೇಲೆ ಹಿಂದೆ ಬಂದು ಮಗನ ಮೊಣಕೈ ಹಿಡಿದು ತಿರುಗಿಸಿ ನೋಡಿದರು. ಚರ್ಮ ಸುಲಿದಿತ್ತು.

“ದಿನಾ ಹೀಗೇ ಸುಲಿಯುತ್ತಾ?”

“ಹೂಂ.”

“ಯಾಕೆ ಹೇಳ್ಲಿಲ್ಲ? ಕ್ಯಾನ್ವಾಸ್ ಪಟ್ಟಿ ಇದೆ ಮನೇಲಿ. ಕೊಬ್ರಿ ಎಣ್ಣೆ ಹಚ್ಚಿ ಕಟ್ಕೊಂಡ್ರೆ ಸುಲಿಯಲ್ಲ.” ಮೊಣಕೈ ಬಿಟ್ಟು, “ಆ ಒಂದೇ ಕೈ ಮೇಲೆ ನಿಂತೆಯಲ್ಲ, ಎಷ್ಟು ಸೆಕೆಂಡು?”

“ಎಣಿಸಿಲ್ಲಪ್ಪ.”

“ಹನ್ನೊಂದು,” ಎಂದರು ಸಾರ್ಜೆಂಟ್ ಸಾಹೇಬರು.

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಸಾರ್ಜೆಂಟ್ ಸಾಹೇಬರಿಂದ ನನಗೆ ಬುಲಾವು ಬಂತು, ಬ್ರಶ್ಶು ತೆಗೆದುಕೊಂಡು ಬರಬೇಕೆಂದು. ಭಾವೂನ ಹತ್ತಿರ ಬಿಳಿ ಎನಾಮಲ್ಲು, ಒಂದು ದಪ್ಪ ಬ್ರಶ್ಶು ಎರವಲು ತಂದೆ. ಕವರಿನ ಕಥೆ ಕೇಳಿ ಅವನು ಬೀಡಿ ಬಾಯಿಂದ ಬೀಳುವಷ್ಟು ನಕ್ಕಿದ್ದ. ಬಡಗ್ಯಾ ಅಲ್ಲ ಎಂದು ಮೊದಲೇ ಹೇಳಿದ್ದರೆ ನಾಲಿಗೆ ಒಳಗೆ ಹಾಕುತ್ತಿದ್ದೆನಲ್ಲ ಎಂದ. ಆ ಮೊದಲನೆಯ ಕವರು ಈಗ ಕಾಕಾನ ಮನೆಯ ಶೋಕೇಸಿನಲ್ಲಿದೆ, ಗಾಜಿನ ಹಂಸದ ಪಕ್ಕ. ಕಾಕು ಕೇಳಿ ಇಸಿದುಕೊಂಡರು.

ಕ್ವಾರ್ಟರ್ಸಿನ ವರಾಂಡದಲ್ಲಿ ಕಪ್ಪು ಕಬ್ಬಿಣದ ಟ್ರಂಕು. ವಾಯುಪಡೆಯ ಮನೆಗಳಲ್ಲಿ ಎಲ್ಲರಿಗೂ ಇರುವಂಥದ್ದು. ಮುಚ್ಚಳದ ಮೇಲೆ ಬಿಳಿ ಬಣ್ಣದಲ್ಲಿ, ಅಚ್ಚುಹಾಳೆ ಇಟ್ಟು ಬಳಿದ ನೇರ ಅಕ್ಷರಗಳು: ಸಾಹೇಬರ ನಂಬರು, ಹುದ್ದೆ, ಹೆಸರು. ಕೆಳಗೆ ಹಿಂದಿನ ಊರುಗಳ ಹೆಸರು, ಒಂದೊಂದನ್ನೂ ಗೆರೆ ಎಳೆದು ಹೊಡೆದುಹಾಕಿತ್ತು. ನಾಗಪುರಕ್ಕೂ ಆಗಲೇ ಗೆರೆ ಬಿದ್ದಿತ್ತು.

“ಈ ಪಕ್ಕ ಖಾಲಿ ಇದೆ ನೋಡು,” ಎಂದರು ಸಾಹೇಬರು. “ಇವನ ಹೆಸರು ಬರಿ. ಆ ಕ್ಯಾಸೆಟ್ ಮೇಲೆ ಬರೆದಿದ್ದೆಯಲ್ಲ, ಊದಿಕೊಂಡಿರೋ ಅಕ್ಷರ. ಆ ತರ.”

ನನ್ನ ಗೆಳೆಯ ಬಾಗಿಲಲ್ಲಿ ಮೊಣಕೈ ಪಟ್ಟಿ ಕಟ್ಟಿಕೊಂಡು ನಿಂತಿದ್ದ. ಬಣ್ಣದ ಡಬ್ಬಿಯನ್ನು ನನ್ನ ಕೈಗೆಟಕುವ ಹಾಗೆ ಸರಿಸಿಟ್ಟ. ಅವನ ಹೆಸರಿನ ಅಕ್ಷರಗಳನ್ನು ಒಂದರ ತೊಡೆಯ ಮೇಲೊಂದು ಕೂರಿಸಿದೆ, ನೆರಳು ಕೊಟ್ಟೆ, ಕೊನೆಯ ಅಕ್ಷರದ ಬಾಲವನ್ನು ಟ್ರಂಕಿನ ಮೂಲೆಯ ತನಕ ಎಳೆದೆ. ನೇರವಾಗಿ ನಿಂತ ಸರ್ಕಾರಿ ಅಕ್ಷರಗಳ ಪಕ್ಕದಲ್ಲಿ ಅದು ಕುಣಿಯಲು ಬಂದವನಂತೆ ಕಾಣುತ್ತಿತ್ತು. ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಸರಿ ಎಂಬಂತೆ ತಲೆಯಾಡಿಸಿದರು. ಒಣಗುವ ತನಕ ಯಾರೂ ಮುಟ್ಟಕೂಡದೆಂದು ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತರು.

ಸ್ಟೇಷನ್ನಿನಲ್ಲಿ ಕೂಲಿಯೊಬ್ಬ ಟ್ರಂಕನ್ನು ತಲೆಯ ಮೇಲೇರಿಸಿಕೊಂಡು ಗಾರ್ಡಿನ ಡಬ್ಬಿಯ ಹತ್ತಿರ ಒಯ್ದ. ಇಳಿಸಿ ಬೆವರು ಒರೆಸಿಕೊಳ್ಳುವಾಗ ಅವನ ಕಣ್ಣು ಮುಚ್ಚಳದ ಮೇಲೆ ಬಿತ್ತು. ಬೆರಳಿನಿಂದ ಮುಟ್ಟಿ ನೋಡಿದ.

“ಸಾಬ್, ಯೇ ಕ್ಯಾ ಬನಾಯಾ ಹೈ?” ಇದೇನು ಮಾಡಿಸಿದ್ದೀರಿ ಎಂದು ಕೇಳಿದ.

“ಮೇರೇ ಲಡ್ಕೇ ಕಾ ನಾಮ್ ಹೈ,” ನನ್ನ ಮಗನ ಹೆಸರು, ಎಂದರು ಸಾರ್ಜೆಂಟ್ ಸಾಹೇಬರು, ಎರಡು ಪ್ಲಾಟ್‌ಫಾರ್ಮಿಗೆ ಕೇಳುವ ಹಾಗೆ.

ಕೂಲಿ ಟ್ರಂಕನ್ನು ಒಳಗೆ ತಳ್ಳುತ್ತ ಇನ್ನೊಮ್ಮೆ ನೋಡಿದ. “ಅಚ್ಛಾ. ಖಾತೇ ಪೀತೇ ಘರ್ ಕಾ ನಾಮ್ ಹೈ,” ಎಂದ. ಮೈತುಂಬಿದವರಿಗೆ ಅನ್ನುವ ಮಾತದು: ಉಂಡುಟ್ಟ ಮನೆಯ ಹೆಸರು. ನನ್ನ ಗೆಳೆಯ ನಕ್ಕ. ಸಾಹೇಬರೂ ನಕ್ಕರು.